ಮಾವನ ಆಂಪ್ಲಿಫೈಯರಿಗೆ ಹೊಸ ರೆಕ್ಸಿನ್

ಎಲ್ಲದಕ್ಕೂ ಕಾರಣ ಒಂದು ಮುದುರಿದ ಅಂಗಿ.

ಅಂಗಿ ಅಳಿಯನದು, ಮನೆ ಮಾವನದು. ಮದುವೆಯಾದ ಮೇಲೆ ಹೆಂಡತಿಯ ತವರಿನಲ್ಲೇ ಉಳಿದುಕೊಂಡವನನ್ನು ಬೀದಿಯವರೆಲ್ಲ ‘ಅಳಿಯಂದ್ರು’ ಎಂದೇ ಕರೆಯುತ್ತಿದ್ದರು. ಮನೆಯೊಳಗೆ ಮಾತ್ರ ಅವನಿಗೆ ಇನ್ನೊಂದು ಹೆಸರಿತ್ತು: ‘ಕೈಗುಣ’. ಒಳ್ಳೆಯ ವೈದ್ಯರಿಗೋ ಅಡುಗೆಯವರಿಗೋ ಸಲ್ಲಬೇಕಾದ ಮಾತು ಅದು. ಇವನಿಗೆ ಬಂದದ್ದು ಬೇರೆ ದಾರಿಯಲ್ಲಿ. ಹನಿಯುತ್ತಿದ್ದ ಅಡುಗೆಮನೆಯ ನಲ್ಲಿಯನ್ನು ಇವನು ರಿಪೇರಿ ಮಾಡಿದ ಮೇಲೆ ಅದು ಧಾರಾಕಾರ ಸುರಿಯತೊಡಗಿತು. ಗೋಡೆ ಗಡಿಯಾರಕ್ಕೆ ಎಣ್ಣೆ ಬಿಟ್ಟ ಮೇಲೆ ಅದು ನಿಂತೇಹೋಯಿತು. ಇಸ್ತ್ರಿ ಮಾಡುವ ಮೇಜಿನ ಅಲುಗಾಡುವ ಕಾಲನ್ನು ಬಿಗಿ ಮಾಡಲು ಹೋಗಿ ಕಾಲು ಕೈಗೆ ಬಂತು. “ಎಲ್ಲಾ ನಮ್ಮ ಅಳಿಯಂದ್ರ ಕೈಗುಣ!” ಎಂದು ಅತ್ತೆ ಬಂದವರೆದುರು ನಗುನಗುತ್ತಾ ಹೇಳುವಾಗ ಅವನೂ ನಕ್ಕುಬಿಡುತ್ತಿದ್ದ. ಆದರೆ ಹಾಸಿಗೆಗೆ ಬಿದ್ದ ಮೇಲೆ ಆ ಮಾತು ಸೊಳ್ಳೆಯ ಹಾಗೆ ಕಿವಿಯ ಬಳಿ ಸುಳಿದಾಡುತ್ತಿತ್ತು.

ಹಿಂದಿನ ದಿನ ಅತ್ತೆ, ಮಾವ, ಹೆಂಡತಿ ಮೂವರೂ ನೆಂಟರ ಮದುವೆಗೆ ಹೊರಟಿದ್ದರು. ಇವನಿಗೆ ರಜೆ ಸಿಕ್ಕಿರಲಿಲ್ಲ. ಹೊರಡುವಾಗ ಹೆಂಡತಿ ಬಾಗಿಲ ಬಳಿ ಪಿಸುಗುಟ್ಟಿದ್ದಳು.

“ರೀ, ನಾಳೆ ಸಾಯಂಕಾಲ ಬಂದುಬಿಡ್ತೀವಿ. ಅಷ್ಟರೊಳಗೆ ಏನೂ ಮುರೀಬೇಡಿ. ಬರೋ ಹೊತ್ತಿಗೆ ಮನೇಲಿ ಎಲ್ಲಾ ನೆಟ್ಟಗಿದ್ರೆ ಆ ಹೆಸರು ಇನ್ಮೇಲೆ ಕರೆಯೋದಿಲ್ಲ ಅಂತ ಅಮ್ಮನ ಹತ್ರ ಮಾತು ತಗೊಂಡಿದ್ದೀನಿ.”

“ನಾನು ಏನನ್ನೂ ಮುಟ್ಟೋದೇ ಇಲ್ಲ,” ಎಂದು ಅವನು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ತೋರಿಸಿದ್ದ.

ಬೆಳಗಾಯಿತು. ಕಚೇರಿಗೆ ಹೋಗಬೇಕು, ಅಂಗಿ ಮುದುರಿದೆ, ಇಸ್ತ್ರಿ ಮೇಜು ಮೂರೇ ಕಾಲಲ್ಲಿ ಗೋಡೆಗೊರಗಿದೆ. ಸರಿಯಾದ ಎತ್ತರದ ಇನ್ನೊಂದು ವಸ್ತು ಮನೆಯಲ್ಲಿ ಒಂದೇ ಇತ್ತು, ಹಜಾರದ ಮೂಲೆಯಲ್ಲಿದ್ದ ಮಾವನ ಗಿಟಾರ್ ಆಂಪ್ಲಿಫೈಯರ್.

ಮಾವ ಯೌವನದಲ್ಲಿ ಆರ್ಕೆಸ್ಟ್ರಾ ಒಂದರಲ್ಲಿ ಗಿಟಾರ್ ನುಡಿಸುತ್ತಿದ್ದವರು. ಆರ್ಕೆಸ್ಟ್ರಾ ಹೋಯಿತು, ತಲೆಗೂದಲೂ ಹೋಯಿತು, ಕಪ್ಪು ರೆಕ್ಸಿನ್ ಹೊದಿಸಿದ ಆ ಮರದ ಪೆಟ್ಟಿಗೆ ಮಾತ್ರ ಉಳಿಯಿತು. ಅದರ ತಲೆಯ ಮೇಲೆ ಕಸೂತಿಯ ಬಟ್ಟೆಯೊಂದು ಸದಾ ಹಾಸಿರುತ್ತಿತ್ತು. ಅದನ್ನು ಮಾವನ ಹೊರತು ಯಾರೂ ಮುಟ್ಟುವಂತಿರಲಿಲ್ಲ. ರಜೆಯ ದಿನ ಸಂಜೆ ಮಾವ ಗಿಟಾರ್ ಹಿಡಿದು ಕೂತರೆ ಸ್ವಲ್ಪ ಹೊತ್ತಿಗೆ ಅತ್ತೆ ಒಳಗಿನಿಂದ ಬಂದು, “ಸಾಕು ಮಾಡ್ತೀರೋ ಇಲ್ಲವೋ?” ಎನ್ನುವರು. ಮಾವ ಮಾತಾಡುತ್ತಿರಲಿಲ್ಲ. ಬಟ್ಟೆಯ ಒಂದು ಮೂಲೆಯನ್ನು ಮೆಲ್ಲಗೆ ಎತ್ತಿ ಮತ್ತೆ ಬಿಡುವರು. ಅತ್ತೆ ಸುಮ್ಮನೆ ಒಳಗೆ ಹೋಗುವರು. ಅಳಿಯ ಕೂರುತ್ತಿದ್ದ ಕುರ್ಚಿಯಿಂದ ಕಾಣುತ್ತಿದ್ದದ್ದು ಅಷ್ಟೇ. ಮಾವ ಧೂಳು ನೋಡುತ್ತಾರೇನೋ ಎಂದುಕೊಂಡಿದ್ದ.

ಅಳಿಯ ಅಂಗಿಯನ್ನು ಆ ಕಸೂತಿ ಬಟ್ಟೆಯ ಮೇಲೆ ಹರಡಿದ, ಇಸ್ತ್ರಿ ಪೆಟ್ಟಿಗೆಯ ವೈರು ಚುಚ್ಚಿದ, ಪೆಟ್ಟಿಗೆಯನ್ನು ಅಂಗಿಯ ಪಕ್ಕಕ್ಕೆ ಮಲಗಿಸಿದ. ಅದೇ ಹೊತ್ತಿಗೆ ಒಳಕೋಣೆಯಲ್ಲಿ ಫೋನು ಬಡಿದುಕೊಂಡಿತು. ಹೆಂಡತಿ. ಮದುಮಗನ ಕೋಟಿನ ತೋಳು ಗಿಡ್ಡವಾದದ್ದು, ಛತ್ರದಲ್ಲಿ ಅಪ್ಪನ ಚಪ್ಪಲಿ ಅದಲುಬದಲಾದದ್ದು, ಎಲ್ಲ ಕೇಳಿಸಿಕೊಂಡು ಬೆವರು ಒರೆಸಿಕೊಳ್ಳುತ್ತಾ, “ಇಲ್ಲಿ ಎಲ್ಲಾ ನೆಟ್ಟಗಿದೆ,” ಎಂದು ಹೇಳುವಾಗ ಅವನಿಗೆ ಇಸ್ತ್ರಿ ಪೆಟ್ಟಿಗೆಯ ನೆನಪಾಯಿತು.

ಓಡಿಬಂದು ವೈರು ಕಿತ್ತೆಸೆದ, ಹಿಡಿ ಹಿಡಿದು ಪೆಟ್ಟಿಗೆ ಎತ್ತಿದ. ಅಂಗಿಗೆ ಏನೂ ಆಗಿರಲಿಲ್ಲ. ಬಟ್ಟೆಗೂ ಏನೂ ಆಗಿರಲಿಲ್ಲ. ಬದುಕಿದೆ ಎಂದುಕೊಂಡು ಬಟ್ಟೆಯನ್ನು ಸರಿಪಡಿಸಲು ಎತ್ತಿದವನು ಹಾಗೇ ನಿಂತ.

ಕೆಳಗೆ ರೆಕ್ಸಿನ್ನಿನ ಮೇಲೆ ಇಸ್ತ್ರಿ ಪೆಟ್ಟಿಗೆಯ ಆಕಾರದ ಬರೆ. ಮೊನಚು ಮೂತಿ, ಅಗಲ ಬೆನ್ನು. ನೋಡಿದರೆ ಅವನ ಇಸ್ತ್ರಿ ಪೆಟ್ಟಿಗೆಗಿಂತ ಒಂದು ಬೆರಳು ದೊಡ್ಡದೇ ಇತ್ತು. ಆದರೆ ಹೆದರಿದ ಕಣ್ಣಿಗೆ ಎಲ್ಲವೂ ದೊಡ್ಡದಾಗಿಯೇ ಕಾಣುತ್ತದೆ. ಮೇಲಿನ ಬಟ್ಟೆಯನ್ನು ಉಳಿಸಿ ಕೆಳಗಿನ ರೆಕ್ಸಿನ್ನನ್ನು ಮಾತ್ರ ಸುಡುವುದು ಲೋಕದಲ್ಲಿ ಇನ್ಯಾರಿಂದ ಸಾಧ್ಯ? ತನ್ನ ಕೈಗುಣಕ್ಕೆ ಮಾತ್ರ ಸಾಧ್ಯ ಎಂಬುದರಲ್ಲಿ ಅಳಿಯನಿಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ.

ಅಷ್ಟರಲ್ಲಿ ತೆರೆದ ಬಾಗಿಲಲ್ಲಿ ಪಕ್ಕದ ಮನೆಯ ನಿವೃತ್ತರು ಕಾಣಿಸಿಕೊಂಡರು. ನಿವೃತ್ತರಾದ ಮೇಲೆ ಅವರಿಗೆ ಸಲಹೆ ಕೊಡುವುದೇ ಉದ್ಯೋಗ. ಬೀದಿಯಲ್ಲಿ ಅವರ ಹೆಸರು ‘ಸಲಹಾ ಸಮಿತಿ’. ಒಬ್ಬರೇ ಇದ್ದರೂ ಸಮಿತಿಯೇ.

“ಬೆಳಿಗ್ಗೆ ಎದ್ದಾಗಿಂದ ಕರೆಂಟಿಲ್ಲ ನೋಡಿ ಅಳಿಯಂದ್ರೇ, ವಾರ್ತೆ ತಪ್ಪಿಹೋಯ್ತು. ನಿಮ್ಮನೇಲಿ ಪೇಪರ್ ಬಂತಾ?” ಎಂದವರು ಪೆಟ್ಟಿಗೆಯತ್ತ ಬಗ್ಗಿದರು. “ಅಯ್ಯಯ್ಯೋ! ಇದೇನಿದು? ಐರನ್ ಬಾಕ್ಸ್ ಇಟ್ರಾ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅಳಿಯ ಇಸ್ತ್ರಿ ಪೆಟ್ಟಿಗೆಯನ್ನು ಬೆನ್ನ ಹಿಂದೆ ಬಚ್ಚಿಟ್ಟ. “ಮಾವ ಸಾಯಂಕಾಲ ಬರ್ತಾರೆ. ನಾಳೆ ಅವರ ಹಳೇ ಆರ್ಕೆಸ್ಟ್ರಾದವರೆಲ್ಲ ಇಲ್ಲಿ ಬಾರಿಸೋಕೆ ಬರೋರಿದ್ದಾರೆ. ನಾನು ಸತ್ತೆ.”

“ಸಾಯೋದು ಯಾಕೆ? ತೇಪೆ ಹಾಕಿದ್ರೆ ಗೊತ್ತಾಗುತ್ತೆ. ಪೂರ್ತಿ ರೆಕ್ಸಿನ್ ಬದಲಾಯಿಸಿಬಿಡಿ. ನಮ್ಮನೆ ಸೋಫಾಕ್ಕೆ ನಾನೇ ಹಾಕಿದ್ದು.”

ಆ ಸೋಫಾದ ಮೇಲೆ ಒಮ್ಮೆ ಕೂತ ಅತಿಥಿಗಳು ಎರಡನೆಯ ಸಲ ನಿಂತೇ ಮಾತಾಡಿಸುತ್ತಿದ್ದರು. ಅಳಿಯನಿಗೆ ಅದು ಗೊತ್ತಿತ್ತು. ಆದರೆ ಮುಳುಗುವವನು ಹುಲ್ಲುಕಡ್ಡಿಯ ಯೋಗ್ಯತೆ ವಿಚಾರಿಸುವುದಿಲ್ಲ. ಹೊಟ್ಟೆನೋವು ಎಂದು ಕಚೇರಿಗೆ ಫೋನ್ ಮಾಡಿ ಅವನು ಸ್ಕ್ರೂಡ್ರೈವರ್ ಹುಡುಕಿದ.

ಮೂಲೆಗಳ ತಗಡಿನ ಟೋಪಿಗಳು, ಹಿಡಿಕೆ, ಮುಂದಿನ ಜಾಲರಿ ಒಂದೊಂದಾಗಿ ಬಿಚ್ಚಿಕೊಂಡವು. ಸ್ಪೀಕರನ್ನೂ ಒಳಗಿನ ಯಂತ್ರವನ್ನೂ ಹೊರತೆಗೆದು ದಿಂಬಿನ ಮೇಲೆ ಮಲಗಿಸಿದರು. ಹಳೆಯ ರೆಕ್ಸಿನ್ನನ್ನು ಚಾಕುವಿನಿಂದ ಎಬ್ಬಿಸಿದಾಗ ಅದು ಹುಣ್ಣಿನ ಪಟ್ಟಿ ಕಿತ್ತಂತೆ ಚರಚರನೆ ಬಂತು. ಕೆಳಗಿನ ಮರದ ಮೇಲೂ ಬರೆಯ ಕಂದು ನೆರಳು ಇಳಿದಿತ್ತು.

“ಭಾರೀ ಐರನ್ ಬಾಕ್ಸ್ ಕಣ್ರೀ ನಿಮ್ದು,” ಎಂದರು ಸಮಿತಿಯವರು ಮೆಚ್ಚುಗೆಯಿಂದ.

ಬೀದಿಯ ತುದಿಯಲ್ಲಿ ಕಸದ ಗಾಡಿಯ ಗಂಟೆ ಕೇಳಿಸಿತು. ಸಾಕ್ಷಿ ಉಳಿಯಬಾರದೆಂದು ಅಳಿಯ ಹಳೆಯ ರೆಕ್ಸಿನ್ನನ್ನೆಲ್ಲ ಸುತ್ತಿಕೊಂಡು ಓಡಿ ಗಾಡಿಯೊಳಗೆ ಎಸೆದು ಬಂದ. ಆ ದಿನ ಅವನು ಮಾಡಿದ ಕೆಲಸಗಳಲ್ಲಿ ಅಚ್ಚುಕಟ್ಟಾಗಿ ಮುಗಿದದ್ದು ಅದೊಂದೇ.

ಅಳತೆಪಟ್ಟಿ ಸಿಗಲಿಲ್ಲ. ಸಮಿತಿಯವರು ತಮ್ಮ ಕೈಯನ್ನೇ ಚಾಚಿದರು. ಮಂಡಿಯೂರಿ ಹೆಬ್ಬೆರಳಿಂದ ಕಿರುಬೆರಳಿಗೆ ಗೇಣು ಹಾಕುತ್ತಾ ಪೆಟ್ಟಿಗೆಯನ್ನು ಸುತ್ತುಹಾಕಿ, “ಉದ್ದ ಹತ್ತು ಗೇಣು, ಅಗಲ ಎರಡು. ಹೋಗಿ ತನ್ನಿ,” ಎಂದರು.

ಪೇಟೆಯಲ್ಲಿ ರೆಕ್ಸಿನ್ ಸಿಗುತ್ತಿದ್ದದ್ದು ಬೈಕಿನ ಸೀಟು ಹೊಲಿಯುವವನ ಅಂಗಡಿಯಲ್ಲಿ. ಅವನು ತಲೆ ಎತ್ತದೆ ಕೇಳಿದ, “ಯಾವ ಮಾಡೆಲ್?”

“ಆಂಪ್ಲಿಫೈಯರ್.”

“ಹೊಸಾ ಗಾಡೀನಾ? ಸಿಂಗಲ್ ಸೀಟಾ, ಡಬಲ್ಲಾ?”

“ಸೀಟಲ್ಲಪ್ಪಾ, ಪೆಟ್ಟಿಗೆ. ಯಾರೂ ಕೂರಲ್ಲ.”

“ಕೂರದೇ ಇದ್ರೂ ಒಳಗೆ ಸ್ವಲ್ಪ ಸ್ಪಂಜ್ ಕೊಟ್ಟು ನಡುವೆ ಒಂದು ಕೆಂಪು ಹೊಲಿಗೆ ಹಾಕಿದ್ರೆ ಒಳ್ಳೇ ಲುಕ್ ಬರುತ್ತೆ,” ಎಂದ ಸೀಟಿನವನು. ಬೇಡವೆಂದು ಒಪ್ಪಿಸುವಷ್ಟರಲ್ಲಿ ಅಳಿಯನ ಗಂಟಲು ಒಣಗಿತು. ಕೊನೆಗೆ ಹಳೆಯದರ ಹಾಗೇ ಇದ್ದ ಕಪ್ಪು ರೆಕ್ಸಿನ್ ಆರಿಸಿ, ಹತ್ತು ಗೇಣು ಎರಡು ಗೇಣು ಎಂದು ಹೇಳಿದ. ಸೀಟಿನವನು ಕೈ ಚಾಚಿ ಅಳೆದು ಕತ್ತರಿಸಿಕೊಟ್ಟ, ಒಂದು ಡಬ್ಬಿ ಅಂಟನ್ನೂ ಕೊಟ್ಟ.

ಮನೆಗೆ ತಂದು ಹಾಸಿ ನೋಡಿದರೆ ರೆಕ್ಸಿನ್ ಪೆಟ್ಟಿಗೆಯನ್ನು ಸುತ್ತುವರಿಯದೆ ಕಾಲುಭಾಗ ಬೆತ್ತಲೆ ಬಿಟ್ಟಿತು. ಸಮಿತಿಯವರದು ಹಲಗೆಯಂಥ ಅಂಗೈ. ಸೀಟಿನವನದು ಸೂಜಿ ಹಿಡಿಯುವ ಪುಟ್ಟ ಕೈ. ಹತ್ತು ಗೇಣು ಇಬ್ಬರಿಗೂ ಹತ್ತೇ, ಆದರೆ ಪೆಟ್ಟಿಗೆಗೆ ಯಾವ ಗೇಣು ಎಂದು ಯಾರೂ ಕೇಳಿರಲಿಲ್ಲ.

“ಅವನ ಕೈ ಚಿಕ್ಕದಿದ್ರೆ ಅದು ನನ್ನ ತಪ್ಪಾ?” ಎಂದು ಸಮಿತಿಯವರು ಮುನಿಸಿಕೊಂಡರು. ಆಮೇಲೆ ತಾವೇ ಕರಗಿ, “ಪೆಟ್ಟಿಗೇನೇ ಅಲ್ಲಿಗೆ ತಗೊಂಡು ಹೋಗೋಣ ನಡೀರಿ,” ಎಂದರು.

ಹಣ್ಣಿನವಳ ತಳ್ಳುಗಾಡಿಯನ್ನು ಬೇಡಿ ತಂದರು. ಬೆತ್ತಲೆ ಪೆಟ್ಟಿಗೆ ಗಾಡಿಯ ಮೇಲೆ, ಹಿಂದೆ ತಳ್ಳುವ ಅಳಿಯ, ಮುಂದೆ ದಾರಿ ಬಿಡಿಸುವ ಸಮಿತಿ. ನೋಡಿದವರೆಲ್ಲ ಕೇಳಿದರು, “ಅಳಿಯಂದ್ರೇ, ಮನೆ ಬಿಡ್ತಾ ಇದ್ದೀರಾ?” ಅಳಿಯ ಮನೆ ತೊಳಿಯ ಎಂಬ ಗಾದೆಯನ್ನೂ ಒಬ್ಬರು ಗಟ್ಟಿಯಾಗಿಯೇ ಹೇಳಿದರು. ಅವನು ತಲೆ ತಗ್ಗಿಸಿ ತಳ್ಳಿದ.

ತಲೆ ಎತ್ತಿದ್ದು ಸೀಟಿನ ಅಂಗಡಿಯ ಮುಂದೆ. ಅಲ್ಲಿ ಬೆಂಚಿನ ಮೇಲೆ, ಟೈ ಕಟ್ಟಿಕೊಂಡು, ಬಿಚ್ಚಿದ ಬೈಕ್ ಸೀಟನ್ನು ತೊಡೆಯ ಮೇಲಿಟ್ಟುಕೊಂಡು ಅವನ ಕಚೇರಿಯ ಸಾಹೇಬರು ಕೂತಿದ್ದರು.

“ಓಹೋ,” ಎಂದರು ಸಾಹೇಬರು. “ಹೊಟ್ಟೆನೋವು ಹೇಗಿದೆಯಪ್ಪಾ?”

ಅಳಿಯನ ಹೊಟ್ಟೆಯಲ್ಲಿ ಆಗ ನಿಜವಾಗಿಯೂ ನೋವು ಶುರುವಾಯಿತು. ಅವನು ಬಾಯಿ ಬಿಡುವ ಮೊದಲೇ ಸಮಿತಿಯವರು ಮುಂದೆ ಬಂದು ಇಡೀ ಕತೆಯನ್ನು, ಬರೆಯ ಉದ್ದಗಲ ಸಮೇತ, ಸಾಹೇಬರಿಗೆ ಒಪ್ಪಿಸಿದರು. ಸಾಹೇಬರ ಮುಖ ಮೆತ್ತಗಾಯಿತು. ಅವರೂ ಒಬ್ಬರ ಅಳಿಯನೇ.

“ಮಾವನ ವಸ್ತು ಅಂದ್ರೆ ಹುಡುಗಾಟ ಅಲ್ಲ,” ಎಂದು ಅವರು ತೋಳು ಮಡಿಸಿ ಎದ್ದರು. “ಎಲ್ಲಿ, ಅಂಟು ಬಳೀರಿ.”

ಸೀಟಿನವನು ಈ ಸಲ ಪೆಟ್ಟಿಗೆಯ ಮೇಲೇ ರೆಕ್ಸಿನ್ ಹಾಸಿ ಕತ್ತರಿಸಿದ. ಮರಕ್ಕೊಂದು ಪದರ, ರೆಕ್ಸಿನ್ನಿಗೊಂದು ಪದರ ಅಂಟು ಬಳಿದು ಆರಲು ಬಿಟ್ಟರು. “ಮುಟ್ಟಿದ್ರೆ ಬೆರಳಿಗೆ ಹತ್ತಬಾರದು, ಆಗ ಕೂರಿಸಬೇಕು. ಒಂದ್ಸಲ ಕೂತ್ರೆ ಮುಗೀತು, ಮದುವೆ ಇದ್ದ ಹಾಗೆ, ಬಿಡಿಸೋಕೆ ಆಗಲ್ಲ,” ಎಂದ ಅವನು. ಮದುವೆಯಾಗಿದ್ದ ಮೂವರೂ ಗಂಭೀರವಾಗಿ ತಲೆಯಾಡಿಸಿದರು.

ಅಳಿಯ ಒಂದು ಕಡೆ, ಸಮಿತಿ ಇನ್ನೊಂದು ಕಡೆ ರೆಕ್ಸಿನ್ ಹಿಡಿದರು. ಸಾಹೇಬರು ನಡುವೆ ಬಗ್ಗಿ ಅಂಗೈಯಿಂದ ಒತ್ತುತ್ತಾ ಬಂದರು. ಗುಳ್ಳೆ ಏಳದಂತೆ, ನೆರಿಗೆ ಬೀಳದಂತೆ, ನಡುವಿನಿಂದ ಅಂಚಿಗೆ. ಮೇಲ್ಭಾಗ ಕನ್ನಡಿಯ ಹಾಗೆ ಕೂತಿತು. ಸಾಹೇಬರು ತೃಪ್ತಿಯಿಂದ ಸೊಂಟ ನೆಟ್ಟಗೆ ಮಾಡಲು ಹೋದರು, ಆಗಲಿಲ್ಲ. ಟೈ ರೆಕ್ಸಿನ್ನಿನ ಅಡಿಗೆ ಸೇರಿತ್ತು.

“ಎಳೀರಿ!” ಎಂದರು ಸಮಿತಿಯವರು.

“ಎಳೆದ್ರೆ ರೆಕ್ಸಿನ್ ಹರಿಯುತ್ತೆ!” ಎಂದ ಅಳಿಯ.

ಸಾಹೇಬರು ಪೆಟ್ಟಿಗೆಯ ಮೇಲೆ ಕೆನ್ನೆಯಿಟ್ಟುಕೊಂಡೇ ಕೇಳಿದರು, “ನಿನಗೆ ನಾನು ಮುಖ್ಯಾನೋ ರೆಕ್ಸಿನ್ ಮುಖ್ಯಾನೋ?”

ಅಳಿಯ ಉತ್ತರಕ್ಕೆ ತಡಮಾಡಿದ್ದು ತಪ್ಪಾಯಿತು. ಸೀಟಿನವನು ಕತ್ತರಿ ತಂದು ಟೈಯನ್ನು ಗಂಟಿನ ಕೆಳಗೇ ಕತ್ತರಿಸಿ ಸಾಹೇಬರನ್ನು ಬಿಡಿಸಿದ. ಒಳಗೆ ಉಳಿದ ತುಂಡನ್ನು ಚಪ್ಪಟೆ ಮಾಡಿ ಮುಚ್ಚಿಯೇಬಿಟ್ಟ. “ನಾಳೆ ಕಚೇರಿಗೆ ಬಾ, ನಿನ್ನ ಹೊಟ್ಟೆನೋವಿಗೆ ನಾನೇ ಔಷಧಿ ಕೊಡ್ತೀನಿ,” ಎಂದು ಹೇಳಿ ಸಾಹೇಬರು ಸೀಟನ್ನೂ ಮರೆತು ಹೊರಟುಹೋದರು.

ಆದರೂ ಕೆಲಸ ಮುಗಿಯಿತು. ಮೂಲೆಗಳಲ್ಲಿ ಸೀಳು ಕೊಟ್ಟು ಮಡಿಸಿ, ತಗಡಿನ ಟೋಪಿಗಳನ್ನು ತೊಡಿಸಿ, ಮನೆಗೆ ತಂದು ಸ್ಪೀಕರು ಯಂತ್ರಗಳನ್ನು ಕೂರಿಸಿ, ಮೇಲೆ ಕಸೂತಿ ಬಟ್ಟೆ ಹಾಸಿದಾಗ ಪೆಟ್ಟಿಗೆ ಬೆಳಿಗ್ಗೆ ಇದ್ದ ಹಾಗೇ ಇತ್ತು. ಕರೆಂಟೂ ಬಂದಿತ್ತು. ಸ್ವಿಚ್ಚು ಒತ್ತಿದರೆ ಕೆಂಪು ದೀಪ ಹತ್ತಿತು, ಒಳಗೆ ಗುಂಯ್ ಎಂದಿತು. ಅಳಿಯನ ಕಣ್ಣಲ್ಲಿ ನೀರು ಬಂತು. ಬದುಕಿನಲ್ಲಿ ಮೊದಲ ಸಲ ಅವನು ಬಿಚ್ಚಿದ್ದೊಂದು ಮತ್ತೆ ಕೂಡಿಕೊಂಡಿತ್ತು.

ಸಾಯಂಕಾಲ ಮದುವೆಗೆ ಹೋಗಿದ್ದ ಮೂವರೂ ಬಂದಿಳಿದರು. ಹೆಂಡತಿ ಮೊದಲು ನಲ್ಲಿ ನೋಡಿದಳು, ಕಿಟಕಿ ನೋಡಿದಳು, ಗಂಡನ ಕೈಬೆರಳುಗಳನ್ನೂ ಎಣಿಸಿದಳು. ಎಲ್ಲಾ ನೆಟ್ಟಗಿತ್ತು. “ಅಮ್ಮಾ, ನೋಡಿದ್ಯಾ?” ಎಂದಳು ಹೆಮ್ಮೆಯಿಂದ. ಪೇಪರ್ ವಾಪಸ್ ಕೊಡುವ ನೆಪದಲ್ಲಿ ಸಮಿತಿಯವರೂ ಬಂದು ಕೂತಿದ್ದರು. ಎಲ್ಲರಿಗೂ ಚಹಾ ಬಂತು.

ಚಹಾ ಕುಡಿಯುತ್ತಾ ಅತ್ತೆ ಹೇಳಿದರು, “ನಂಗೆ ಪ್ರಯಾಣದ ಸುಸ್ತು. ನಾಳೆ ಆ ಆರ್ಕೆಸ್ಟ್ರಾ ದಂಡು ಇಲ್ಲಿಗೆ ಬರೋದು ಬೇಡ. ಆ ಡಬ್ಬಾ ಡಂಯ್ ಅಂತಿದ್ರೆ ನನ್ನ ತಲೆ ಸಿಡಿಯುತ್ತೆ.”

ಮಾವ ನಸುನಕ್ಕರು. ಲೋಟ ಕೆಳಗಿಟ್ಟರು. ಎದ್ದು ಹೋಗಿ ಎಂದಿನಂತೆ ಕಸೂತಿ ಬಟ್ಟೆಯ ಮೂಲೆಯನ್ನು ಮೆಲ್ಲಗೆ ಎತ್ತಿದರು.

ಎತ್ತಿದ ಕೈ ಎತ್ತಿದಲ್ಲೇ ಉಳಿಯಿತು. ಇನ್ನಷ್ಟು ಎತ್ತಿದರು. ಆಮೇಲೆ ಬಟ್ಟೆಯನ್ನೇ ಕಿತ್ತೆಳೆದರು. ಹೊಸ ರೆಕ್ಸಿನ್ ದೀಪದ ಬೆಳಕಿನಲ್ಲಿ ಫಳಫಳ ಹೊಳೆಯಿತು.

“ಎಲ್ಲಿ?” ಎಂದರು ಮಾವ. ದನಿ ಮಗುವಿನದಾಗಿತ್ತು. “ಎಲ್ಲಿ ಹೋಯ್ತು ಅದು?”

ಅಳಿಯನಿಗೆ ಇನ್ನು ತಡೆಯಲಾಗಲಿಲ್ಲ. “ಮಾವಾ, ಕ್ಷಮಿಸಿಬಿಡಿ. ಬೆಳಿಗ್ಗೆ ನಾನೇ ಐರನ್ ಬಾಕ್ಸ್ ಇಟ್ಟುಬಿಟ್ಟೆ. ಸುಟ್ಟು ಬರೆ ಬಿತ್ತು. ಅದಕ್ಕೇ ರೆಕ್ಸಿನ್ ಬದಲಾಯಿಸಿದೆ.”

“ಬೆಳಿಗ್ಗೆಯಾ?” ಎಂದರು ಸಮಿತಿಯವರು ಚಹಾ ಹೀರುವುದನ್ನು ನಿಲ್ಲಿಸಿ. “ಬೆಳಿಗ್ಗೆ ಕರೆಂಟೇ ಇರಲಿಲ್ಲವಲ್ರೀ!”

ಅಳಿಯ ಒಮ್ಮೆ ಇಸ್ತ್ರಿ ಪೆಟ್ಟಿಗೆಯನ್ನೂ ಒಮ್ಮೆ ಸ್ವಿಚ್ಚನ್ನೂ ನೋಡಿದ. ಆಮೇಲೆ ಅತ್ತೆ ನಗತೊಡಗಿದರು. ಸೆರಗು ಬಾಯಿಗೆ ಒತ್ತಿಕೊಂಡರೂ ನಗು ನಿಲ್ಲಲಿಲ್ಲ. ಮದುವೆಯಾದ ಹೊಸತರಲ್ಲಿ ಗಂಡ ಹಗಲಿಡೀ ಗಿಟಾರ್ ಬಾರಿಸುತ್ತಿದ್ದಾಗ, ಇಸ್ತ್ರಿ ಮಾಡುತ್ತಿದ್ದ ಅವರು “ನಿಲ್ಲಿಸ್ತೀರೋ ಇಲ್ಲವೋ” ಎಂದು ಕೇಳಿ, ಗಂಡ ನಿಲ್ಲಿಸದಿದ್ದಾಗ, ಕೈಯಲ್ಲಿದ್ದದ್ದನ್ನು ಪೆಟ್ಟಿಗೆಯ ನೆತ್ತಿಯ ಮೇಲೆ ಇಟ್ಟುಬಿಟ್ಟಿದ್ದರು. ಅಂದಿನಿಂದ ಆ ಮನುಷ್ಯ ಒಂದು ಮಾತೂ ಬೈದಿರಲಿಲ್ಲ. ಬಟ್ಟೆಯ ಮೂಲೆ ಎತ್ತುತ್ತಿದ್ದರು, ಅಷ್ಟೇ. ಆ ಅಪರಾಧದ ಮುಂದೆ ಅತ್ತೆಗೆ ಬಾಯಿ ಬರುತ್ತಿರಲಿಲ್ಲ. ಮಗಳಿಗೂ ಗೊತ್ತಿರದ ಈ ಕತೆಯನ್ನು ಅತ್ತೆ ಈಗ ಎಲ್ಲರ ಮುಂದೆ ಕಣ್ಣೊರೆಸಿಕೊಂಡು ಹೇಳಿದರು. ಇನ್ನು ಹೇಳಲು ಹೆದರಿಕೆಯೇನು, ಸಾಕ್ಷಿ ಕಸದ ಗಾಡಿಯಲ್ಲಿ ಹೋಗಿತ್ತು.

“ನಾಳೆ ಯಾರೂ ಬರೋದು ಬೇಡ ಅಂತ ಈಗಲೇ ಫೋನ್ ಮಾಡಿ,” ಎಂದರು ಗಂಡನಿಗೆ. ಆಮೇಲೆ ಅಳಿಯನ ಕಡೆ ತಿರುಗಿ, “ಅಳಿಯಂದ್ರೇ, ಕೈಗುಣ ಅಂದ್ರೆ ಇದು! ಇನ್ಮೇಲೆ ತಮಾಷೆಗೂ ನಿಮ್ಮನ್ನ ಹಾಗೆ ಕರೆದ್ರೆ ಕೇಳಿ,” ಎಂದು ಹೇಳಿ, ಮಗಳನ್ನು ಕರೆದುಕೊಂಡು ಅಡುಗೆಮನೆಗೆ ನಡೆದರು. ಸಮಿತಿಯವರು ಸುದ್ದಿ ಹಂಚಲು ಬೀದಿಗೆ ನಡೆದರು.

ಅಳಿಯನಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು. ಆಗ ತೋಳನ್ನು ಯಾರೋ ಹಿಡಿದರು. ಮಾವ. ಸಿಟ್ಟು ಬಂದಾಗ ಮಾತ್ರ ಅವರು ಅಳಿಯನಿಗೆ ಬಹುವಚನ ಬಿಡುತ್ತಿದ್ದರು.

“ಏನು ಮಾಡಿಬಿಟ್ಟೆಯೋ ನೀನು? ನನಗೆ ಈ ಮನೇಲಿ ಇದ್ದ ಬಾಯಿ ಅದೊಂದೇ ಕಣೋ. ಅದನ್ನೂ ಕಿತ್ತೆ.” ಅವರ ಕಣ್ಣು ತುಂಬಿತ್ತು. “ನಾಳೆ ಅವರೆಲ್ಲ ಬರ್ತಾರೆ ಅಂತ ವಾರದಿಂದ ತಂತಿ ಒರೆಸಿ ಇಟ್ಟಿದ್ದೆ.”

ಅಳಿಯನಿಗೆ ನಿಜಕ್ಕೂ ಸಂಕಟವಾಯಿತು. “ಈಗೇನು ಮಾಡೋದು ಮಾವಾ?”

“ಐರನ್ ಬಾಕ್ಸ್ ತಾ.”

“ಹೊಸಾ ರೆಕ್ಸಿನ್ನು...”

“ಹಳೇ ಗಾಯ ಮರದ ತನಕ ಇಳಿದಿತ್ತು, ಎಷ್ಟು ಮುಚ್ಚಿದ್ರೂ ಮೇಲೆ ಬಂತು ನೋಡು ಅಂತ ನಿನ್ನ ಅತ್ತೆಗೆ ಹೇಳ್ತೀನಿ. ಅವಳ ಮನಸ್ಸು ಮೆತ್ತಗೆ, ನಂಬ್ತಾಳೆ. ಬೇಗ!”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದನ್ನು ಕೇಳಿದ್ದ ಅಳಿಯ, ಎಮ್ಮೆಯ ಕೈಗೇ ಕಬ್ಬಿಣ ಕೊಡುವುದನ್ನು ಕೇಳಿರಲಿಲ್ಲ. ಆದರೂ ವೈರು ಚುಚ್ಚಿದ. ಈ ಸಲ ಕರೆಂಟಿತ್ತು. ಮಾವ ನೆನಪಿನಿಂದ ಜಾಗ ತೋರಿಸಿದರು. “ಸ್ವಲ್ಪ ಎಡಕ್ಕೆ. ಮೂತಿ ಕಿಟಕಿ ಕಡೆಗೆ. ಹಾಂ, ಒತ್ತು.” ಅಳಿಯ ಕಣ್ಣು ಮುಚ್ಚಿ ಒತ್ತಿದ. ಚುಂಯ್ ಎಂದಿತು, ಹೊಗೆ ಎದ್ದಿತು, ಹಜಾರದ ತುಂಬ ಸುಟ್ಟ ವಾಸನೆ ಹರಡಿತು.

ವಾಸನೆಗೆ ಅತ್ತೆ ಓಡಿಬಂದರು, ಹಿಂದೆಯೇ ಹೆಂಡತಿ. ಅವರಿಗೆ ಕಂಡದ್ದು ಹೊಸ ರೆಕ್ಸಿನ್ನಿನ ಮೇಲೆ ಹೊಗೆಯಾಡುತ್ತಿದ್ದ ಬರೆ, ಅದರ ಮೇಲೆ ಇಸ್ತ್ರಿ ಪೆಟ್ಟಿಗೆ, ಅದರ ಹಿಡಿಯ ಮೇಲೆ ಅಳಿಯನ ಕೈ.

ಅಳಿಯ ಮಾವನ ಕಡೆ ನೋಡಿದ. ಮಾವ ಅಷ್ಟರಲ್ಲಿ ನಾಲ್ಕು ಹೆಜ್ಜೆ ಆಚೆ, ಗಿಟಾರಿನ ಪಕ್ಕ ನಿಂತು ತಲೆಯ ಮೇಲೆ ಕೈ ಹೊತ್ತಿದ್ದರು.

“ಅಯ್ಯೋ, ನೋಡೇ! ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಏನು ಮಾಡಿಬಿಟ್ರು ನೋಡು ನಮ್ಮ ಅಳಿಯಂದ್ರು!” ಎಂದರು. ಬಹುವಚನ ಮರಳಿ ಬಂದಿತ್ತು.

ಹೆಂಡತಿ ಮುಖ ತಿರುಗಿಸಿ ಗೋಡೆಯಿಂದ ವೈರು ಕಿತ್ತಳು. ಅದೇ ಅವನಿಗೆ ಹೆಚ್ಚು ನೋವು ತಂದಿತು. ಅತ್ತೆ ಮಾತ್ರ ಹತ್ತಿರ ಬಂದು ಬರೆಯನ್ನು ಬಗ್ಗಿ ನೋಡಿದರು, ತಮ್ಮದಕ್ಕಿಂತ ಚಿಕ್ಕದು ಎಂದು ತಲೆಯಾಡಿಸಿದರು, ನಿಧಾನವಾಗಿ ಅದರ ಮೇಲೆ ಕಸೂತಿ ಬಟ್ಟೆ ಹಾಸಿ ನೆರಿಗೆ ಸವರಿದರು.

ಈಗಲೂ ಆ ಪೆಟ್ಟಿಗೆ ಅದೇ ಮೂಲೆಯಲ್ಲಿದೆ. ಹಜಾರದಲ್ಲಿ ಬಾರಿಸಬಾರದೆಂಬ ಅತ್ತೆಯ ಷರತ್ತಿನ ಮೇಲೆ ಆರ್ಕೆಸ್ಟ್ರಾದವರು ವಾರವಾರವೂ ಅಟ್ಟದ ಕೋಣೆಯಲ್ಲಿ ಸೇರುತ್ತಾರೆ. ಅದನ್ನು ಅಲ್ಲಿಗೆ ಹೊತ್ತೊಯ್ದು ಮತ್ತೆ ಕೆಳಗಿಳಿಸುವ ಕೆಲಸ ಅಳಿಯನದು. ಬೆನ್ನು ನೋಯುತ್ತಿದೆ ಎಂದು ಅವನು ಒಮ್ಮೊಮ್ಮೆ ಗೊಣಗುವುದುಂಟು. ಆಗ ಮಾವ ಮಾತಾಡುವುದಿಲ್ಲ, ಬಟ್ಟೆಯ ಈ ಮೂಲೆಯನ್ನು ಮೆಲ್ಲಗೆ ಎತ್ತುತ್ತಾರೆ. ನಲ್ಲಿಯ ನೀರು ಹಿಡಿದಿಡಿ ಎಂದಾಗ ಅವನು ತಡಮಾಡಿದರೆ ಅತ್ತೆ ಆ ಮೂಲೆಯನ್ನು ಎತ್ತುತ್ತಾರೆ. ಅಳಿಯ ಸುಮ್ಮನೆ ಏಳುತ್ತಾನೆ.